ಹೆಚ್ಚುವರಿ ಹೊಣೆಯ ಕಾವಲುಗಾರರು

2013ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಸೈಬರ್ ಭದ್ರತಾ ನೀತಿಯಲ್ಲಿ ಎರಡು ಮುಖ್ಯ ಮಾತುಗಳಿದ್ದವು. ಐದು ವರ್ಷಗಳಲ್ಲಿ ಐದು ಲಕ್ಷ ಸೈಬರ್ ಭದ್ರತಾ ಪರಿಣತರನ್ನು ತಯಾರು ಮಾಡುತ್ತೇವೆ ಎಂಬುದು ಒಂದು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರತಿ ಸಂಸ್ಥೆಯೂ ತನ್ನ ಹಿರಿಯರೊಬ್ಬರನ್ನು ಮುಖ್ಯ ಮಾಹಿತಿ ಭದ್ರತಾ ಅಧಿಕಾರಿಯನ್ನಾಗಿ ಗೊತ್ತುಪಡಿಸಲಿ ಎಂಬುದು ಇನ್ನೊಂದು. ಮೊದಲನೆಯದನ್ನು ಎಂಜಿನಿಯರಿಂಗ್ ಕಾಲೇಜುಗಳು, ಕೋಚಿಂಗ್ ಸೆಂಟರುಗಳು, ಸರ್ಟಿಫಿಕೇಟ್ ಮಾರುವ ಕಂಪನಿಗಳು ಸಂತೋಷದಿಂದಲೇ ಎತ್ತಿಕೊಂಡವು. ಎರಡನೆಯದರಲ್ಲಿ ಲಾಭವಿರಲಿಲ್ಲ, ಹೊಣೆಯಷ್ಟೇ ಇತ್ತು. ಹಾಗಾಗಿ ಅದು ಬಹುಮಟ್ಟಿಗೆ ಕಡತದಲ್ಲೇ ಉಳಿಯಿತು.

ಅದರ ಬೆಲೆಯನ್ನು ಈಗ ಜನ ತೆರುತ್ತಿದ್ದಾರೆ. ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ ಸೈಬರ್ ವಂಚನೆಯಿಂದ ದೇಶದ ಜನ 2023ರಲ್ಲಿ ಕಳೆದುಕೊಂಡದ್ದು 7,465 ಕೋಟಿ ರೂಪಾಯಿ. 2024ರಲ್ಲಿ 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು. ದೇಶದ ಸೈಬರ್ ತುರ್ತು ಸ್ಪಂದನಾ ತಂಡ ಸರ್ಟ್-ಇನ್ ನಿಭಾಯಿಸಿದ ಘಟನೆಗಳು ಇದೇ ಅವಧಿಯಲ್ಲಿ 15.92 ಲಕ್ಷದಿಂದ 20.41 ಲಕ್ಷಕ್ಕೆ ಏರಿವೆ. ಹೊಸ ಸೈಬರ್ ಭದ್ರತಾ ನೀತಿ ಶೀಘ್ರವೇ ಬರಲಿದೆ ಎಂದು ಪ್ರಧಾನಿ ಕೆಂಪುಕೋಟೆಯ ಮೇಲಿಂದ ಹೇಳಿದ್ದು 2020ರ ಆಗಸ್ಟ್ 15ರಂದು. ಆಮೇಲೆ ಐದು ಸ್ವಾತಂತ್ರ್ಯೋತ್ಸವಗಳು ಬಂದು ಹೋದವು, ನೀತಿ ಬರಲಿಲ್ಲ.

ಸೈಬರ್ ಭದ್ರತೆಯ ಬಗ್ಗೆ ಮಾತು ಬಂದಾಗಲೆಲ್ಲ ‘ಪರಿಣತರ ಕೊರತೆ’ ಎಂಬ ರಾಗ ಕೇಳುತ್ತದೆ. ಅದು ಅರ್ಧ ಸತ್ಯ. ಪರಿಣತಿ ನಮ್ಮಲ್ಲಿದೆ, ಬೆಂಗಳೂರಿನಲ್ಲಂತೂ ಧಾರಾಳವಾಗಿದೆ. ಇಲ್ಲದಿರುವುದು ಆ ಪರಿಣತಿ ಬಂದು ಕೂರಬಹುದಾದ ಸಾರ್ವಜನಿಕ ಹುದ್ದೆ, ಆ ಹುದ್ದೆಗೆ ಅಧಿಕಾರ, ಅಧಿಕಾರದ ಜೊತೆಗೆ ಉತ್ತರದಾಯಿತ್ವ. ಸರ್ಕಾರಿ ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಚಿತ್ರ ಇಷ್ಟೇ: ಬೇರೆ ನಾಲ್ಕು ಕೆಲಸ ಹೊತ್ತ ಅಧಿಕಾರಿಯೊಬ್ಬರ ಹೆಸರಿನ ಮುಂದೆ ಮಾಹಿತಿ ಭದ್ರತೆಯ ‘ಹೆಚ್ಚುವರಿ ಹೊಣೆ’. ನಿಜವಾದ ಕೆಲಸ ಟೆಂಡರಿನಲ್ಲಿ ಅತಿ ಕಡಿಮೆ ದರ ನಮೂದಿಸಿದ ಏಜೆನ್ಸಿಯ ಹೊರಗುತ್ತಿಗೆ ನೌಕರರದ್ದು. ಅಧಿಕಾರಿಗೆ ವರ್ಗಾವಣೆಯಾಗುತ್ತದೆ, ಗುತ್ತಿಗೆ ಮುಗಿಯುತ್ತದೆ. ಸರ್ವರಿನ ಪಾಸ್‌ವರ್ಡ್ ಯಾರ ಬಳಿ ಇದೆ ಎಂದು ಹೇಳುವವರೂ ಉಳಿಯುವುದಿಲ್ಲ.

ಇದರ ಫಲ ಏನೆಂಬುದನ್ನು ದೆಹಲಿಯ ಏಮ್ಸ್ 2022ರ ನವೆಂಬರಿನಲ್ಲೇ ತೋರಿಸಿಕೊಟ್ಟಿತು. ರ‍್ಯಾನ್ಸಮ್‌ವೇರ್ ದಾಳಿಗೆ ಐದು ಸರ್ವರುಗಳು ಸಿಕ್ಕವು, ಸುಮಾರು 1.3 ಟೆರಾಬೈಟ್ ದತ್ತಾಂಶಕ್ಕೆ ದಾಳಿಕೋರರು ಬೀಗ ಜಡಿದರು. ದೇಶದ ಅಗ್ರ ಆಸ್ಪತ್ರೆ ಎರಡು ವಾರದಷ್ಟು ಕಾಲ ಚೀಟಿ ಬರೆದು ರೋಗಿಗಳನ್ನು ನೋಡಿತು. ಕಾರಣ ಏನೆಂದು ಕೇಳಿದಾಗ ರಾಜ್ಯಸಭೆಗೆ ಸಿಕ್ಕ ಉತ್ತರ, ನೆಟ್‌ವರ್ಕ್ ವಿಭಜನೆ ಸರಿಯಾಗಿರಲಿಲ್ಲ ಎಂದು. ಒಂದು ವಿಭಾಗಕ್ಕೆ ನುಗ್ಗಿದವರು ಇನ್ನೊಂದಕ್ಕೆ ಹೋಗದಂತೆ ಜಾಲವನ್ನು ತುಂಡು ತುಂಡಾಗಿ ಬೇರ್ಪಡಿಸುವುದು ಈ ವೃತ್ತಿಯ ಮೊದಲ ಪಾಠಗಳಲ್ಲೊಂದು. ಅದನ್ನು ಮಾಡಿಸಬೇಕಾಗಿದ್ದವರು ಯಾರು, ಅವರು ಹಣ ಕೇಳಿದ್ದರೇ, ಕೇಳಿದ್ದರೆ ಯಾರು ನಿರಾಕರಿಸಿದರು ಎಂಬುದಕ್ಕೆ ಉತ್ತರವಾಗುವ ಪೂರ್ಣ ವರದಿಯೊಂದು ಜನರ ಕೈಗೆ ಬರಲಿಲ್ಲ.

ಅದರ ಹಿಂದಿನ ವರ್ಷ, 2021ರ ಮೇ ತಿಂಗಳಲ್ಲಿ, ಐರ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ ಮೇಲೂ ಇಂಥದೇ ದಾಳಿ ನಡೆದಿತ್ತು. ಅಲ್ಲಿ ಸ್ವತಂತ್ರ ಪರಿಶೀಲನೆ ನಡೆದು ಡಿಸೆಂಬರ್ ಹೊತ್ತಿಗೆ ವರದಿ ಬಹಿರಂಗವಾಯಿತು. ಹಿರಿಯ ಆಡಳಿತದ ಮಟ್ಟದಲ್ಲಿ ಸೈಬರ್ ಭದ್ರತೆಗೆ ಹೊಣೆಯಾದ ಒಬ್ಬರೂ ಇರಲಿಲ್ಲ ಎಂದು ಆ ವರದಿ ಮುಚ್ಚುಮರೆಯಿಲ್ಲದೆ ಹೇಳಿತು. ಬ್ರಿಟಿಷ್ ಲೈಬ್ರರಿ 2023ರ ಅಕ್ಟೋಬರಿನಲ್ಲಿ ದಾಳಿಗೆ ತುತ್ತಾದಾಗ ಕೆಲವೇ ತಿಂಗಳಲ್ಲಿ ತನ್ನ ಲೋಪಗಳನ್ನು ತಾನೇ ಬರೆದು ಪ್ರಕಟಿಸಿತು. ಅವೇನೂ ಹ್ಯಾಕ್ ಆಗದ ದೇಶಗಳಲ್ಲ. ಆದ ಮೇಲೆ ಬಾಯಿ ಬಿಟ್ಟು ಹೇಳುವ ದೇಶಗಳು. ನಾವು ಹಿಡಿದದ್ದು ಎದುರು ದಾರಿ. ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು 2022ರ ಏಪ್ರಿಲಿನಲ್ಲಿ ಎಲ್ಲ ಸಂಸ್ಥೆಗಳಿಗೂ ಆಜ್ಞೆ ಮಾಡಿದ ಸರ್ಟ್-ಇನ್ ಅನ್ನು ಮುಂದಿನ ವರ್ಷದ ನವೆಂಬರಿನಲ್ಲಿ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗಿಡಲಾಯಿತು. ಸಂಸ್ಥೆಗಳು ಅದಕ್ಕೆ ಮಾಹಿತಿ ಕೊಡಬೇಕು. ಅದು ಜನರಿಗೆ ಕೊಡಬೇಕಿಲ್ಲ. ಒಬ್ಬರ ಸೋಲಿನಿಂದ ಮತ್ತೊಬ್ಬರು ಕಲಿಯುವ ದಾರಿ ಹೀಗೆ ಮುಚ್ಚಿತು.

ಇನ್ನು ಕರ್ನಾಟಕಕ್ಕೆ ಬರೋಣ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಶುರುವಾದದ್ದು 2001ರಲ್ಲಿ, ಬೆಂಗಳೂರಿನಲ್ಲಿ. ಆ ಹೆಮ್ಮೆಯನ್ನು ನಾವು ಇನ್ನೂ ಹೇಳಿಕೊಳ್ಳುತ್ತೇವೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ 2023ರ ಪಟ್ಟಿಯಲ್ಲಿ ದೇಶದ 86,420 ಸೈಬರ್ ಪ್ರಕರಣಗಳ ಪೈಕಿ ಸುಮಾರು ನಾಲ್ಕನೇ ಒಂದು ಭಾಗ ನಮ್ಮ ರಾಜ್ಯದ್ದೇ. ಹೆಚ್ಚು ಪ್ರಕರಣ ದಾಖಲಾಗುವುದು ಕೆಟ್ಟದ್ದೇನಲ್ಲ, ದೂರು ಸ್ವೀಕರಿಸುವ ಪೊಲೀಸರು ದೂರು ತಳ್ಳಿಹಾಕುವವರಿಗಿಂತ ಮೇಲು. ಪ್ರಶ್ನೆ ಇರುವುದು ತನಿಖೆ ಮಾಡುವವರು ಯಾರು ಎಂಬುದರಲ್ಲಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಂ ಪ್ರಕಾರ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಆ ಕಾಯ್ದೆಯಡಿ ತನಿಖೆ ನಡೆಸುವಂತಿಲ್ಲ. ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ಮೂರನ್ನೂ ಒಟ್ಟಿಗೆ ಹೊತ್ತ ಸೆನ್ ಠಾಣೆಯಲ್ಲಿ ಅಂಥ ಅಧಿಕಾರಿಗಳು ಬೆರಳೆಣಿಕೆ. ಹಣದ ಜಾಡು ಹಿಡಿಯುವುದನ್ನು ಅವರು ಅನುಭವದಿಂದ ಕಲಿತು ಹದವಾಗುವ ಹೊತ್ತಿಗೆ ಕೈಗೆ ವರ್ಗಾವಣೆ ಆದೇಶ. ಮುಂದಿನ ಠಾಣೆಯಲ್ಲಿ ಜಾತ್ರೆಯ ಬಂದೋಬಸ್ತು.

ಸ್ವಂತ ಪರಿಣತರನ್ನು ಬೆಳೆಸದ ವ್ಯವಸ್ಥೆ ಹೊರಗಿನವರನ್ನು ನಂಬಬೇಕಾಗುತ್ತದೆ. 2019ರಲ್ಲಿ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲಿನಿಂದ ಸುಮಾರು 11.5 ಕೋಟಿ ರೂಪಾಯಿ ಕಳುವಾಯಿತು. ಅದೇ ಮುಂದೆ ಬಿಟ್‌ಕಾಯಿನ್ ಹಗರಣದ ಒಂದು ಎಳೆಯಾಯಿತು. ಆ ಹಗರಣದ ಮರುತನಿಖೆಗೆ ರಚನೆಯಾದ ಎಸ್‌ಐಟಿ 2024ರ ಜನವರಿಯಲ್ಲಿ ಬಂಧಿಸಿದ್ದು ಮೊದಲ ತನಿಖಾ ತಂಡದಲ್ಲಿದ್ದ ಪೊಲೀಸ್ ಅಧಿಕಾರಿಯೊಬ್ಬರನ್ನು ಮತ್ತು ಆ ತಂಡಕ್ಕೆ ನೆರವಾಗಿದ್ದ ಖಾಸಗಿ ಸೈಬರ್ ತಜ್ಞರೊಬ್ಬರನ್ನು. ಅವರ ಮೇಲಿನ ಆರೋಪ ನಿಜವೋ ಸುಳ್ಳೋ ನ್ಯಾಯಾಲಯ ಹೇಳಲಿ. ಕೋಟ್ಯಂತರ ರೂಪಾಯಿಯ ಡಿಜಿಟಲ್ ಸಾಕ್ಷ್ಯವನ್ನು ಮುಟ್ಟಲು ಪೊಲೀಸ್ ಇಲಾಖೆ ಖಾಸಗಿ ಕೈಗಳನ್ನು ಕರೆಯಬೇಕಾಯಿತು ಎಂಬುದಕ್ಕೆ ಮಾತ್ರ ಯಾವ ತೀರ್ಪೂ ಬೇಕಿಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ದಾಳಿಗೆ ಸಿಲುಕಿ ಉಪನೋಂದಣಿ ಕಚೇರಿಗಳ ಮುಂದೆ ಜನ ದಿನಗಟ್ಟಲೆ ಕಾದರು. ಆ ವರ್ಷವೇ ರಾಜ್ಯ ಪೊಲೀಸ್‌ನಲ್ಲಿ ಪ್ರತ್ಯೇಕ ಸೈಬರ್ ಕಮಾಂಡ್ ಘಟಕ ರಚನೆಯಾದದ್ದು ಒಳ್ಳೆಯ ಹೆಜ್ಜೆ. ಆದರೆ ಹೊಸ ನಾಮಫಲಕದ ಹಿಂದೆ ಕೂರುವವರು ಹಳೆಯ ವರ್ಗಾವಣೆ ಪಟ್ಟಿಯಿಂದಲೇ ಬಂದು ಅದರಿಂದಲೇ ಹೋಗುವುದಾದರೆ ಬದಲಾಗುವುದು ಫಲಕವಷ್ಟೇ.

ಅತ್ತ ಅದೇ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬೇರೆಯೇ ಕಥೆ ನಡೆದಿದೆ. ರಾಜ್ಯ ಸರ್ಕಾರದ ಲೆಕ್ಕದಲ್ಲಿ ಕರ್ನಾಟಕದಲ್ಲಿ ಬಹುರಾಷ್ಟ್ರೀಯ ಕಂಪನಿಗಳ 875ಕ್ಕೂ ಹೆಚ್ಚು ಜಾಗತಿಕ ಸಾಮರ್ಥ್ಯ ಕೇಂದ್ರಗಳಿವೆ. ಅಮೆರಿಕದ ಬ್ಯಾಂಕುಗಳಿಗೆ, ಯುರೋಪಿನ ವಿಮಾ ಕಂಪನಿಗಳಿಗೆ ನಮ್ಮ ಹುಡುಗ ಹುಡುಗಿಯರು ಇಡೀ ರಾತ್ರಿ ಅಲರ್ಟ್ ನೋಡುತ್ತಾ ಕೂರುತ್ತಾರೆ. ಊರಿಗೆಲ್ಲ ಕಾವಲು ಕೊಟ್ಟು ಸ್ವಂತ ಮನೆಯ ಬಾಗಿಲಿಗೆ ಅಗುಳಿ ಹಾಕದವರ ಹಾಗಾಗಿದೆ ನಮ್ಮ ಪಾಡು. ಆ ಯುವಜನರನ್ನು ದೂರುವುದು ಅನ್ಯಾಯ. ಅವರು ರಾಜ್ಯಕ್ಕೆ ದುಡಿಯುತ್ತೇವೆ ಎಂದು ಬಂದರೆ ನಾವು ಕೊಡುವುದೇನು? 2024ರ ರಾಜ್ಯ ಸೈಬರ್ ಭದ್ರತಾ ನೀತಿಗೆ ಐದು ವರ್ಷಕ್ಕೆ ಇಟ್ಟ ಅಂದಾಜು ವೆಚ್ಚ ಸುಮಾರು 104 ಕೋಟಿ ರೂಪಾಯಿ. ಮರುವರ್ಷ ಬೆಳಕಿಗೆ ಬಂದ ಪ್ರಕರಣದಲ್ಲಿ ಇದೇ ನಗರದ ಮಹಿಳೆಯೊಬ್ಬರು ‘ಡಿಜಿಟಲ್ ಅರೆಸ್ಟ್’ ಜಾಲಕ್ಕೆ ಸಿಕ್ಕು ಕಳೆದುಕೊಂಡದ್ದು ಸುಮಾರು 32 ಕೋಟಿ. ಒಬ್ಬ ನಾಗರಿಕರ ನಷ್ಟ ಇಡೀ ರಾಜ್ಯದ ಐದು ವರ್ಷದ ಯೋಜನೆಯ ಮೂರನೇ ಒಂದು ಭಾಗದ ಹತ್ತಿರ ಬರುತ್ತದೆ ಎಂದಾದರೆ ಆದ್ಯತೆ ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ.

ಖಾಸಗಿ ವಲಯವೂ ಈ ವಿಷಯದಲ್ಲಿ ಸಾಚಾ ಅಲ್ಲ. ಭದ್ರತಾ ವೃತ್ತಿಪರರ ಸಂಘಟನೆಯಾದ ಐಎಸ್‌ಸಿ2 ಸಂಸ್ಥೆಯ 2024ರ ಸಮೀಕ್ಷೆ ಜಗತ್ತಿನಲ್ಲಿ ಸುಮಾರು 48 ಲಕ್ಷ ಭದ್ರತಾ ಪರಿಣತರ ಕೊರತೆಯಿದೆ ಎಂದಿತು. ಅದೇ ಸಮೀಕ್ಷೆಯಲ್ಲಿ, ಜನ ಕಡಿಮೆಯಿರಲು ಮುಖ್ಯ ಕಾರಣ ಬಜೆಟ್ ಇಲ್ಲದಿರುವುದು ಎಂದು ವೃತ್ತಿಯಲ್ಲಿರುವವರೇ ಹೇಳಿದರು. ಕೊರತೆ ಎಂದು ಕೂಗುವವರೇ ಹಣ ಕಡಿತ ಮಾಡುವವರು. ಹೊಸಬರಿಗೆಂದು ಹಾಕುವ ಜಾಹೀರಾತಿನಲ್ಲಿ ನಾಲ್ಕೈದು ವರ್ಷದ ಅನುಭವವಿಲ್ಲದೆ ಪೂರ್ಣ ರೂಪದಲ್ಲಿ ಸಿಗದ ಸಿಐಎಸ್‌ಎಸ್‌ಪಿಯಂಥ ಸರ್ಟಿಫಿಕೇಟ್ ಕೇಳುತ್ತಾರೆ. ದಾವಣಗೆರೆಯಲ್ಲೋ ಕಲಬುರಗಿಯಲ್ಲೋ ಓದಿದ ಹುಡುಗಿ ಸಾಲ ಮಾಡಿ ಪರೀಕ್ಷೆ ಕಟ್ಟುತ್ತಾಳೆ, ‘ಎಥಿಕಲ್ ಹ್ಯಾಕರ್’ ಎಂಬ ಹಣೆಪಟ್ಟಿ ಪಡೆಯುತ್ತಾಳೆ, ಕೊನೆಗೆ ಹೊರಗುತ್ತಿಗೆಯ ರಾತ್ರಿ ಪಾಳಿಗೆ ಸೇರಿ ಎರಡು ವರ್ಷದಲ್ಲಿ ಬೇಸತ್ತು ಬೇರೆ ಕೆಲಸ ಹುಡುಕುತ್ತಾಳೆ. ಅನಾಲಿಸ್ಟ್ ಆಗಿ ಸೇರಿದವರು ಒಂದು ದಿನ ಸಂಸ್ಥೆಯ ಭದ್ರತೆಯ ಮುಖ್ಯಸ್ಥರಾಗುವ ಮೆಟ್ಟಿಲುಗಳನ್ನು ಯಾರೂ ಕಟ್ಟಿಲ್ಲ.

ಮೇಲಕ್ಕೇರಿದವರ ಸ್ಥಿತಿಯೂ ಹೇಳಿಕೊಳ್ಳುವಂಥದ್ದಲ್ಲ. ಕಂಪನಿ ಚೆನ್ನಾಗಿ ನಡೆಯುವಾಗ ಭದ್ರತಾ ಮುಖ್ಯಸ್ಥರಿಗೆ ಆಡಳಿತ ಮಂಡಳಿಯಲ್ಲಿ ಕುರ್ಚಿ ಇರುವುದಿಲ್ಲ, ಅನಾಹುತವಾದಾಗ ಮಾತ್ರ ಕಟಕಟೆಯಲ್ಲಿ ಜಾಗ ಸಿಗುತ್ತದೆ. 2017ರಲ್ಲಿ ಸಾಲದ ಮಾಹಿತಿ ಸಂಗ್ರಹಿಸುವ ಕಂಪನಿ ಈಕ್ವಿಫ್ಯಾಕ್ಸ್‌ನಿಂದ 14 ಕೋಟಿಗೂ ಹೆಚ್ಚು ಜನರ ಮಾಹಿತಿ ಸೋರಿದಾಗ ಅದರ ಮಾಜಿ ಮುಖ್ಯಸ್ಥರು ಅಮೆರಿಕದ ಸಂಸತ್ತಿನೆದುರು ಬೊಟ್ಟು ಮಾಡಿದ್ದು ತಂತ್ರಾಂಶದ ದೋಷಕ್ಕೆ ಪ್ಯಾಚ್ ಹಾಕಿಸದ ಒಬ್ಬ ಸಿಬ್ಬಂದಿಯ ಕಡೆಗೆ. ಊಬರ್‌ನ ಮಾಜಿ ಭದ್ರತಾ ಮುಖ್ಯಸ್ಥ ಜೋ ಸುಲಿವನ್ 2016ರ ಸೋರಿಕೆಯನ್ನು ಮುಚ್ಚಿಟ್ಟ ಅಪರಾಧಕ್ಕೆ 2022ರಲ್ಲಿ ತಪ್ಪಿತಸ್ಥರಾದರು. ಅವರು ಮುಚ್ಚಿಟ್ಟದ್ದು ತಪ್ಪೇ. ಆದರೆ ಹೊಣೆಯ ಸರಪಳಿ ಭದ್ರತಾ ಮುಖ್ಯಸ್ಥರ ಹತ್ತಿರವೇ ತುಂಡಾಗುವುದಾದರೆ ಬುದ್ಧಿವಂತರು ಆ ಕುರ್ಚಿಯಿಂದ ದೂರವೇ ಉಳಿಯುತ್ತಾರೆ.

ಹೊರಗಿನಿಂದ ಎಚ್ಚರಿಸುವವರನ್ನು ನಡೆಸಿಕೊಳ್ಳುವ ರೀತಿಯೂ ಇಷ್ಟೇ. ಫೇಸ್‌ಬುಕ್‌ನ ಯಾರದೇ ಖಾತೆಯ ಪಾಸ್‌ವರ್ಡ್ ಬದಲಿಸಬಹುದಾದ ದೋಷವನ್ನು 2016ರಲ್ಲಿ ಪತ್ತೆ ಮಾಡಿದ ಬೆಂಗಳೂರಿನ ಆನಂದ್ ಪ್ರಕಾಶ್‌ಗೆ ಆ ಕಂಪನಿ 15,000 ಡಾಲರ್ ಬಹುಮಾನ ಕೊಟ್ಟಿತು. ನಮ್ಮಲ್ಲಾದರೋ, 2018ರ ಜನವರಿಯಲ್ಲಿ ಆಧಾರ್ ಮಾಹಿತಿ 500 ರೂಪಾಯಿಗೆ ಬಿಕರಿಯಾಗುತ್ತಿದೆ ಎಂದು ಬರೆದ ‘ಟ್ರಿಬ್ಯೂನ್’ ಪತ್ರಿಕೆಯ ವರದಿಗಾರ್ತಿಯ ಹೆಸರು ಎಫ್‌ಐಆರ್ ಸೇರಿತು. ಅನುಮತಿಯಿಲ್ಲದೆ ವ್ಯವಸ್ಥೆಯೊಳಗೆ ಹೊಕ್ಕವರನ್ನು ಶಿಕ್ಷಿಸುವ ನಮ್ಮ ಕಾನೂನು, ದೋಷ ತೋರಿಸಿ ಸರಿಪಡಿಸಿ ಎನ್ನುವ ಸಂಶೋಧಕನಿಗೂ ದೋಚಿಕೊಂಡು ಹೋಗುವ ಕಳ್ಳನಿಗೂ ನಡುವೆ ಸ್ಪಷ್ಟ ಗೆರೆ ಎಳೆದಿಲ್ಲ.

ದಾರಿ ಇಲ್ಲವೆಂದೇನಲ್ಲ. ನಮ್ಮದೇ ರಿಸರ್ವ್ ಬ್ಯಾಂಕ್ ಒಂದು ಮಾದರಿ ಇಟ್ಟಿದೆ. 2024ರ ಏಪ್ರಿಲಿನಿಂದ ಜಾರಿಯಲ್ಲಿರುವ ಅದರ ನಿರ್ದೇಶನದ ಪ್ರಕಾರ ಬ್ಯಾಂಕಿನ ಮಾಹಿತಿ ಭದ್ರತಾ ಅಧಿಕಾರಿ ಐಟಿ ವಿಭಾಗದ ಮುಖ್ಯಸ್ಥರ ಕೈಕೆಳಗೆ ಇರಬಾರದು, ಅವರಿಗೆ ವ್ಯವಹಾರದ ಗುರಿಗಳನ್ನು ಹೊರಿಸಬಾರದು. ತಂತ್ರಾಂಶ ಕೊಳ್ಳುವವರೂ ಅದರ ದೋಷ ಹುಡುಕುವವರೂ ಒಬ್ಬರೇ ಆಗಬಾರದು ಎಂಬ ಸರಳ ವಿವೇಕ ಇದು. ಬ್ಯಾಂಕಿಗೆ ಅನ್ವಯಿಸುವ ಈ ನಿಯಮ ಆಸ್ಪತ್ರೆಗೆ, ಭೂದಾಖಲೆಗೆ, ವಿದ್ಯುತ್ ನಿಗಮಕ್ಕೆ, ವಿಶ್ವವಿದ್ಯಾಲಯಕ್ಕೆ ಯಾಕೆ ಬೇಡ? 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಭದ್ರತೆಯಲ್ಲಿ ತಪ್ಪಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹೇಳುತ್ತದೆ. ಆದರೆ ಕೇಂದ್ರ ಸರ್ಕಾರ ತಾನು ಗೊತ್ತುಪಡಿಸಿದ ಸರ್ಕಾರಿ ಸಂಸ್ಥೆಗಳಿಗೆ ಅದರಿಂದ ವಿನಾಯಿತಿ ಕೊಡಲು ಅದೇ ಕಾಯ್ದೆಯಲ್ಲಿ ಅವಕಾಶ ಇಟ್ಟುಕೊಂಡಿದೆ. ಹೆಚ್ಚು ಜನರ ಮಾಹಿತಿ ಯಾರ ಬಳಿ ಇದೆಯೋ ಅವರೇ ಹೊರಗುಳಿಯಬಹುದು.

ಕರ್ನಾಟಕ ದೆಹಲಿಗೆ ಕಾಯಬೇಕಿಲ್ಲ. ರಾಜ್ಯ ಸರ್ಕಾರ ತನ್ನದೇ ಸೈಬರ್ ಭದ್ರತಾ ಸೇವಾ ವೃಂದವನ್ನು ರಚಿಸಲಿ: ಪ್ರತ್ಯೇಕ ನೇಮಕಾತಿ, ಮಾರುಕಟ್ಟೆಗೆ ಹತ್ತಿರವಾದ ಸಂಬಳ, ಕನಿಷ್ಠ ಐದು ವರ್ಷ ಕದಲಿಸದ ಹುದ್ದೆ, ಬಡ್ತಿಯ ಸ್ಪಷ್ಟ ಹಾದಿ. ಸೆನ್ ಠಾಣೆಗಳ ಪರಿಣತ ಸಿಬ್ಬಂದಿಯನ್ನು ಸಾಮಾನ್ಯ ವರ್ಗಾವಣೆಯಿಂದ ಹೊರಗಿಡಲಿ. ಭದ್ರತಾ ಅಧಿಕಾರಿ ಬರೆದ ಎಚ್ಚರಿಕೆಯನ್ನು ತಳ್ಳಿಹಾಕಿದವರು ಯಾರೆಂಬುದು ಕಡತದಲ್ಲಿ ದಾಖಲಾಗಲಿ. ದೊಡ್ಡ ದಾಳಿಯಾದ ಆರು ತಿಂಗಳೊಳಗೆ ಕಾರಣಗಳ ವರದಿ ಬಹಿರಂಗವಾಗಲಿ. ದೋಷ ತೋರಿಸಿದವರಿಗೆ ಪೊಲೀಸ್ ನೋಟಿಸಿನ ಬದಲು ಒಂದು ಅಧಿಕೃತ ವಿಳಾಸ ಸಿಗಲಿ.

ಇಷ್ಟೂ ಒಂದೇ ದಿನದಲ್ಲಿ ಆಗುವುದಿಲ್ಲ. ಆದರೆ ಒಂದು ಕೆಲಸ ಮುಂದಿನ ಅಧಿವೇಶನದಲ್ಲೇ ಆಗಬಹುದು. ರಾಜ್ಯದ ಪ್ರತಿ ಇಲಾಖೆ, ನಿಗಮ, ಸರ್ಕಾರಿ ಆಸ್ಪತ್ರೆಯ ಮಾಹಿತಿ ಭದ್ರತಾ ಅಧಿಕಾರಿ ಯಾರು, ಅವರಿಗೆ ಬೇರೆ ಯಾವ ಯಾವ ಹೊಣೆಗಳಿವೆ, ಆ ಹುದ್ದೆಯಲ್ಲಿ ಎಷ್ಟು ಕಾಲದಿಂದ ಇದ್ದಾರೆ, ಕಳೆದ ಆಡಿಟ್ ಯಾವಾಗ ನಡೆಯಿತು ಎಂಬ ಪಟ್ಟಿಯನ್ನು ಸದನದಲ್ಲಿ ಇಡುವಂತೆ ಕೇಳಲು ಒಂದು ಪ್ರಶ್ನೆ ಸಾಕು. ಅಷ್ಟು ಕೇಳುವ ಒಬ್ಬ ಶಾಸಕರಾದರೂ ಈ ರಾಜ್ಯದಲ್ಲಿ ಇರಬೇಕು. ಸರ್ಕಾರದ ಬಳಿ ಅಂಥ ಪಟ್ಟಿಯೇ ಇಲ್ಲವೆಂದಾದರೆ, ಆ ಸಂಗತಿಯೂ ಸದನದ ಕಡತಕ್ಕೆ ಸೇರಲಿ.