ಆವಾಹನೆ ಮತ್ತು ವಿಸರ್ಜನೆ

ನಮ್ಮ ಅಕ್ಕೋಳ, ನಿಪ್ಪಾಣಿಯ ಕಡೆ ಚೌತಿಯಂದು ಗಣಪತಿಯನ್ನು ಕೂಡಿಸುವ ಮನೆಯವರು ವಿಸರ್ಜನೆಯ ದಿನವನ್ನೂ ಆಗಲೇ ನಿಶ್ಚಯಿಸಿರುತ್ತಾರೆ. ಬರಮಾಡಿಕೊಂಡವನಿಗೆ ಬೀಳ್ಕೊಡುವ ಹೊಣೆಯೂ ಉಂಟು. ಈ ಹಳೆಯ ಶಿಷ್ಟಾಚಾರವನ್ನು ಗಣಕದ ಪುಟಗಳನ್ನು ರಚಿಸುವ ತರುಣರು ಕಲಿಯಬೇಕಾಗಿದೆ ಎಂದರೆ ವಾಚಕರು ನಗಬಾರದು.

1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಅವರು ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ರಚಿಸಿದರು. ಆ ಭಾಷೆಯಲ್ಲಿ ಬರೆಯುವವರು ‘ಇವೆಂಟ್ ಲಿಸನರ್’ ಎಂಬುದನ್ನು ನಿತ್ಯ ಬಳಸುತ್ತಾರೆ. ಅದು ಪುಟದಲ್ಲಿ ಕಿವಿಗೊಟ್ಟು ಕುಳಿತ ಕಾವಲುಗಾರನೆನ್ನಬಹುದು. ಗುಂಡಿಯನ್ನು ಒತ್ತಿದೊಡನೆ ಎದ್ದು, ಹೇಳಿದ ಕೆಲಸವನ್ನು ಮಾಡುವನು. ಕೆಲವರು ಸದಾ ಇರತಕ್ಕವರು, ಕೆಲವರು ಗಳಿಗೆಯ ಮಟ್ಟಿಗೆ ಬಂದವರು. ಚಿತ್ರವೊಂದನ್ನು ಮೌಸಿನಿಂದ ಎಳೆಯುವಾಗ ಅದರ ಚಲನೆಯನ್ನು ಗಮನಿಸುವವನು, ಬೆರಳನ್ನು ಎತ್ತಿದ ಕೂಡಲೆ ಹೊರಡಬೇಕು.

ಹೊರಡದಿದ್ದರೆ? ಅರ್ಜಿಯ ಕಿಟಕಿ ತೆರೆದಾಗಲೆಲ್ಲ ‘ಕಳುಹಿಸು’ ಎಂಬ ಗುಂಡಿಯ ಬಳಿ ಹೊಸಬನೊಬ್ಬನನ್ನು ನಿಲ್ಲಿಸಿ ಮರೆತರೆನ್ನಿ. ಐದನೆಯ ಬಾರಿ ತೆರೆದು ಒಮ್ಮೆ ಒತ್ತಿದಾಗ ಐವರೂ ಏಳುವರು; ಒಂದೇ ಅರ್ಜಿ ಐದು ಸಲ ಹೋಗುವುದು. ಶುಲ್ಕ ಕಟ್ಟುತ್ತಿರುವ ಬಡ ವಿದ್ಯಾರ್ಥಿಗೆ ಇದು ವಿನೋದವಲ್ಲ. ಮೇಲಾಗಿ, ಕೆಲಸ ಮುಗಿದರೂ ಕುಳಿತವನು ತನ್ನ ಕೈಯಲ್ಲಿರುವ ಸಾಮಗ್ರಿಯನ್ನು ಬಿಟ್ಟುಕೊಡನು. ಗಣಕದ ಸ್ಮೃತಿಯಲ್ಲಿ ಸ್ಥಳ ತೆರವಾಗದೆ ಪುಟ ಬರಬರುತ್ತ ಜಡವಾಗುವುದು.

ಬೀಳ್ಕೊಡಲು ಮೂರು ದಾರಿಗಳಿವೆ. ಮೊದಲನೆಯದು ‘ರಿಮೂವ್‌ಇವೆಂಟ್‌ಲಿಸನರ್’. ಇಲ್ಲೊಂದು ಸೂಕ್ಷ್ಮವಿದೆ. ನೇಮಿಸುವಾಗ ಕೊಟ್ಟ ಫಂಕ್ಷನ್ ಯಾವುದೋ ಬಿಡುವಾಗಲೂ ಅದನ್ನೇ ತೋರಿಸಬೇಕು. ಅಕ್ಷರಕ್ಷರವೂ ಒಂದೇ ಆಗಿರುವ ಇನ್ನೊಂದನ್ನು ಬರೆದುಕೊಟ್ಟರೆ ಬ್ರೌಸರು ಅದನ್ನು ಬೇರೆಯೆಂದೇ ಎಣಿಸಿ, ದೋಷವನ್ನೂ ಹೇಳದೆ ಸುಮ್ಮನಿರುವುದು. ಹಳಬನು ಕುಳಿತೇ ಇರುವನು. ಆದುದರಿಂದ ತಾತ್ಕಾಲಿಕನಿಗೆ ಒಂದು ಹೆಸರಿಟ್ಟು, ಆ ಹೆಸರನ್ನು ಕಾಪಾಡಿಕೊಳ್ಳಬೇಕು.

ಎರಡನೆಯದು ‘ಒನ್ಸ್’ ಎಂಬ ನಿಬಂಧನೆ. ಒಮ್ಮೆ ದುಡಿದವನು ತಾನಾಗಿಯೇ ಹೊರಡುವನು. ಆದರೆ ಆ ಒಂದು ಕರೆ ಬಾರದೇ ಹೋದರೆ ಅವನು ಕಾಯುತ್ತಲೇ ಇರುವನೆಂಬುದನ್ನು ಮರೆಯಬಾರದು.

ಮೂರನೆಯದು ‘ಅಬಾರ್ಟ್‌ಕಂಟ್ರೋಲರ್’. ಹಲವರನ್ನು ಒಂದೇ ‘ಸಿಗ್ನಲ್’ಗೆ ಒಪ್ಪಿಸಿ ನೇಮಿಸಿದರೆ, ಒಂದೇ ಆಜ್ಞೆಯಿಂದ ಎಲ್ಲರೂ ಬಿಡುಗಡೆ ಹೊಂದುವರು, ಒಬ್ಬೊಬ್ಬರ ಹೆಸರನ್ನು ನೆನೆಯಬೇಕಾಗಿಲ್ಲ. ಹಲವು ತಾತ್ಕಾಲಿಕರಿರುವ ಕಿಟಕಿಗೆ ಇದೇ ಅನುಕೂಲ.

ದಾರಿ ಯಾವುದಾದರೂ ಆಗಲಿ, ಅದನ್ನು ಆರಿಸುವ ಸಮಯ ಒಂದೇ. ಪುಟ ಜಡವಾದ ಮೇಲೆ, ಸಾವಿರ ಸಾಲುಗಳ ನಡುವೆ, ಯಾರು ಯಾರನ್ನು ಎಲ್ಲಿ ಕೂಡಿಸಿದರೆಂದು ಹುಡುಕುವುದು ಕಷ್ಟದ ಕೆಲಸ. ನೇಮಕದ ಸಾಲನ್ನು ಬರೆದ ಕೈಯೇ, ಮುಂದಕ್ಕೆ ಹೋಗುವ ಮುನ್ನ, ಬಿಡುಗಡೆಯ ಸಾಲನ್ನೂ ಬರೆದಿಡಲಿ.