ನಾಯ್ಸ್ ಇದ್ರೆ ಇರ್ಲಿ ಬಿಡಿ

ಒಳಾಂಗಣದಲ್ಲಿ ನಡೆಯೋ ಆಟದ ಫೋಟೋ ತೆಗೆಯೋದು ಹೇಗೆ ಅಂತ ಯಾರನ್ನಾದರೂ ಕೇಳಿ ನೋಡಿ. ಮೊದಲು ಸಿಗೋ ಉಪದೇಶ ಒಂದೇ. "ಐಎಸ್‌ಒ ಜಾಸ್ತಿ ಮಾಡ್ಬೇಡಿ, ನಾಯ್ಸ್ ಬರುತ್ತೆ." ಶನಿದೇವರಿಗೆ ಹೆದರದವರೂ ಐಎಸ್‌ಒ 3200ಕ್ಕೆ ಹೆದರ್ತಾರೆ :-) ಹಾಲ್‌ಗಳಲ್ಲಿ ತೆಗೆದ ಬ್ಯಾಡ್ಮಿಂಟನ್ ಫೋಟೋಗಳು ಹಾಳಾಗೋದಕ್ಕೆ ಈ ಉಪದೇಶದಷ್ಟು ದೊಡ್ಡ ಕಾರಣ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಅಕ್ಕನ ಮಗಳು ಅಂಡರ್-13 ಆಡ್ತಾಳೆ. ಹಾಗಾಗಿ ಎರಡು ವರ್ಷದಿಂದ ನನ್ನ ಎಷ್ಟೋ ಭಾನುವಾರಗಳು ಇಂಥ ಹಾಲ್‌ಗಳಲ್ಲೇ ಕಳೆದಿವೆ. ಬಿಳಿ ಶಟಲ್ ಎದ್ದು ಕಾಣಲಿ ಅಂತ ಗೋಡೆಗೆ ಕಡು ಹಸಿರು ಬಣ್ಣ. ಮೇಲೆ ನೋಡುವಾಗ ಕಣ್ಣು ಕುಕ್ಕದಿರಲಿ ಅಂತ ಲೈಟುಗಳೆಲ್ಲ ಕೋರ್ಟಿನ ಪಕ್ಕಕ್ಕೆ. ಆಟಕ್ಕೆ ಇದೆಲ್ಲ ಸರಿಯೇ, ಕ್ಯಾಮೆರಾಗೆ ಮಾತ್ರ ಕತ್ತಲೆ. ನಮ್ಮ ಕಣ್ಣು ಅಲ್ಲಿಗೆ ಬೇಗ ಹೊಂದಿಕೊಳ್ಳೋದರಿಂದ ಅದು ಗೊತ್ತೇ ಆಗಲ್ಲ.

ಸ್ವಲ್ಪ ಲೆಕ್ಕ ಹಾಕೋಣ. 2023ರಲ್ಲಿ ಸಾತ್ವಿಕ್ ಸಾಯಿರಾಜ್ ರಂಕಿರೆಡ್ಡಿ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದರು. ಅದನ್ನ ಬಿಡಿ, ನಮ್ಮ ಹಾಲ್‌ನಲ್ಲಿ ಶಟಲ್ 144 ಕಿ.ಮೀ. ವೇಗದಲ್ಲಿ ಹೋಗ್ತಿದೆ ಅಂತಿಟ್ಕೊಳ್ಳಿ. ಅಂದರೆ ಸೆಕೆಂಡಿಗೆ 40 ಮೀಟರ್. ಶಟರ್ 1/125ರಲ್ಲಿ ಇದ್ದರೆ, ಅದು ತೆರೆದು ಮುಚ್ಚೋದರೊಳಗೆ ಶಟಲ್ 32 ಸೆಂ.ಮೀ. ಮುಂದೆ ಹೋಗಿರುತ್ತೆ. ಫೋಟೋದಲ್ಲಿ ಬರೋದು ಶಟಲ್ ಅಲ್ಲ, ಬಿಳಿ ಗೀಟು. ಆಡುವವಳ ಕೈ, ಜಡೆ, ಮುಖ ಎಲ್ಲಾ ಕಲಸಿದ ರಂಗೋಲಿ. 1/1000ರಲ್ಲಿ ಅದೇ ಶಟಲ್ ಸರಿಯೋದು 4 ಸೆಂ.ಮೀ. ಮಾತ್ರ. ಹಾಗಾಗಿ ನಾನು ಮೊದಲು ಶಟರನ್ನು 1/1000ಕ್ಕೆ ಇಟ್ಟು, ಆಮೇಲೆ ಬೇರೆಯದರ ಬಗ್ಗೆ ಯೋಚಿಸ್ತೀನಿ. ಜಿಗಿದವಳು ತುತ್ತತುದಿಯಲ್ಲಿ ಒಂದು ಕ್ಷಣ ನಿಂತಂತೆ ಇರ್ತಾಳಲ್ಲ, ಅದಕ್ಕೆ ಬೇಕಾದರೆ 1/500 ಸಾಕು.

ಇನ್ನು ಬೆಳಕು ಎಲ್ಲಿಂದ ತರೋದು? ಕ್ಯಾಮೆರಾ ಜೊತೆ ಬರೋ ಕಿಟ್ ಲೆನ್ಸ್ ಝೂಮ್ ಮಾಡಿದಾಗ ಎಫ್ 5.6ಕ್ಕೆ ನಿಂತುಬಿಡುತ್ತೆ. ಅದರ ಬದಲು ಒಂದು 50 ಎಂಎಂ ಎಫ್ 1.8 ಹಾಕಿ. ಇದ್ದುದರಲ್ಲಿ ಅಗ್ಗದ ಲೆನ್ಸ್ ಅದು. ಎಫ್ 2ರಲ್ಲಿ ಇಟ್ಟರೂ ಸುಮಾರು ಎಂಟು ಪಟ್ಟು ಹೆಚ್ಚು ಬೆಳಕು ಒಳಗೆ ಬರುತ್ತೆ. ಕಿಟ್ ಲೆನ್ಸಲ್ಲಿ ಐಎಸ್‌ಒ 25600 ಕೇಳುತ್ತಿದ್ದ ಜಾಗದಲ್ಲಿ 3200 ಸಾಕು. ಎಪಿಎಸ್-ಸಿ ಸೆನ್ಸರ್ ಇದ್ದರೆ, ಆರು ಮೀಟರ್ ದೂರದಲ್ಲಿ ಹಿಂದೆ ಮುಂದೆ ಸೇರಿ ಒಂದು ಮೀಟರಿನಷ್ಟು ಶಾರ್ಪ್ ಬರುತ್ತೆ, ಒಬ್ಬ ಆಟಗಾರ್ತಿಗೆ ಅಷ್ಟು ಸಾಲದೇ?

ಈಗ ನಾಯ್ಸ್ ವಿಷಯ. ಐಎಸ್‌ಒ ಏರಿಸಿದ್ದರಿಂದ ನಾಯ್ಸ್ ಹುಟ್ಟುತ್ತೆ ಅನ್ನೋದೇ ಅರ್ಧ ಸತ್ಯ. ಅದರ ದೊಡ್ಡ ಪಾಲು ಹುಟ್ಟೋದು ಬೆಳಕು ಕಡಿಮೆ ಇದ್ದದ್ದರಿಂದ. ಐಎಸ್‌ಒ 800ರಲ್ಲಿ ಕಪ್ಪಗೆ ತೆಗೆದು ಆಮೇಲೆ ಕಂಪ್ಯೂಟರಲ್ಲಿ ಬೆಳಗಿಸಿದರೂ ಅಷ್ಟೇ ನಾಯ್ಸ್ ಬರುತ್ತೆ, ಕೆಲವು ಕ್ಯಾಮೆರಾಗಳಲ್ಲಿ ಇನ್ನೂ ಜಾಸ್ತಿ. ಇನ್ನೊಂದು, 6000 x 4000 ಪಿಕ್ಸೆಲ್ ಚಿತ್ರವನ್ನ 1500 x 1000ಕ್ಕೆ ಇಳಿಸಿದರೆ ಹದಿನಾರು ಪಿಕ್ಸೆಲ್ ಸೇರಿ ಒಂದಾಗುತ್ತೆ, ಅಡ್ಡಾದಿಡ್ಡಿ ಚುಕ್ಕೆಗಳು ಹೆಚ್ಚುಕಮ್ಮಿ ಕಾಲುಭಾಗಕ್ಕೆ ಇಳಿಯುತ್ತವೆ. ವಾಟ್ಸಾಪಲ್ಲಿ ಕಳಿಸೋ ಫೋಟೋಗೆ ಇಷ್ಟು ಸಾಕಲ್ಲ! ಉಳಿದದ್ದನ್ನ ತೆಗೆಯೋಕೆ ಈಗ ಒಳ್ಳೊಳ್ಳೆ ಸಾಫ್ಟ್‌ವೇರ್ ಇವೆ, ರಾ ಫೈಲ್ ಇಟ್ಕೊಂಡಿರಿ ಅಷ್ಟೇ. ನಮ್ಮ ಕೆಲಸದ ಭಾಷೇಲಿ ಹೇಳೋದಾದ್ರೆ ನಾಯ್ಸ್ ಒಂದು ಬಗ್, ಪ್ಯಾಚ್ ಹಾಕಬಹುದು. ಅಲುಗಿದ ಮುಖ ಬ್ಯಾಕಪ್ ಇಲ್ಲದೆ ಹೋದ ಡೇಟಾ.

ನಮ್ಮ ಆಫೀಸಿನ ಫೋಟೋ ಗುಂಪಿನಲ್ಲಿ ಒಬ್ಬ ಹಿರಿಯರಿದ್ದಾರೆ. ಯಾವ ಫೋಟೋ ತೋರಿಸಿದರೂ ನೂರು ಪರ್ಸೆಂಟ್ ಝೂಮ್ ಮಾಡಿ ಮೂಲೆಯಲ್ಲಿ ಚುಕ್ಕೆ ಹುಡುಕ್ತಾರೆ. ಅವರ ಮೆಚ್ಚುಗೆಗಾಗಿ ಫೋಟೋ ತೆಗೆಯೋದಾದರೆ ಬೆಳಗಿನ ಹೊತ್ತು ಲಾಲ್‌ಬಾಗಿಗೆ ಹೋಗಿ ಹೂವು ತೆಗೀಬಹುದು. ಟೂರ್ನಮೆಂಟಿನ ಮೊದಲ ರೌಂಡಲ್ಲೇ ಸೋತು ಬಸ್ ಹತ್ತಿದ ಮಗುವಿನ ಕಥೆ ಬೇರೆ. ಪೇಪರಿನವರು ಬಂದರೂ ಬರೋದು ಫೈನಲ್ ಆದಮೇಲೆ, ಕಪ್ ಹಿಡಿದು ಸಾಲಾಗಿ ನಿಂತವರ ಫೋಟೋಗೆ. ಬೆಳಗ್ಗೆ ಏಳಕ್ಕೆ ಊರು ಬಿಟ್ಟು ಬಂದು, 21-9, 21-11ರಲ್ಲಿ ಸೋತವಳು ಆಡುತ್ತಿದ್ದಾಗ ಹೇಗೆ ಕಾಣ್ತಿದ್ದಳು ಅನ್ನೋದಕ್ಕೆ ದಾಖಲೆಯೇ ಇಲ್ಲ. ಒಮ್ಮೆ ಪಕ್ಕದ ಕೋರ್ಟಿನ ಇಂಥ ಒಬ್ಬ ಹುಡುಗಿಯ ಅಮ್ಮ "ಸಾರ್, ನಮ್ಮ ಮಗೂದೂ ಒಂದು ತೆಗೀತೀರಾ, ನನ್ನ ಫೋನಲ್ಲಿ ಎಲ್ಲಾ ಮಸುಕು" ಅಂದರು. ಐಎಸ್‌ಒ 6400ರಲ್ಲಿ ತೆಗೆದು ಕೊಟ್ಟೆ. ಅದು ಈಗಲೂ ಅವರ ಡಿಪಿ.

ಮತ್ತೆ ಫ್ಲ್ಯಾಶ್ ಹಾಕಿದ್ರೆ ಆಯ್ತಲ್ಲ ಅನ್ನೋರಿಗೆ: ದಯವಿಟ್ಟು ಬೇಡ. ಶಟಲ್ ಮೇಲೆ ಕಣ್ಣಿಟ್ಟು ನಿಂತ ಮಗುವಿನ ಮುಖಕ್ಕೆ ಮಿಂಚು ಹೊಡೆದರೆ ಆ ಪಾಯಿಂಟ್ ಹೋದಂತೆಯೇ. ಫೋಟೋಗಿಂತ ಆಟ ದೊಡ್ಡದು.

ಕೆಲವು ತಲೆನೋವುಗಳಿವೆ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್ ಆದ್ದರಿಂದ ಎಷ್ಟೋ ಲೈಟುಗಳು ಸೆಕೆಂಡಿಗೆ ನೂರು ಸಲ ಏರಿಳಿಯುತ್ತವೆ. 1/1000ರಲ್ಲಿ ಸಾಲಾಗಿ ತೆಗೆದರೆ ಒಂದು ಫೋಟೋ ಬೆಳ್ಳಗೆ, ಮುಂದಿನದು ಕಂದು. ಕ್ಯಾಮೆರಾ ಕೆಟ್ಟಿಲ್ಲ, ಗಾಬರಿ ಬೇಡ. ಮೆನುವಿನಲ್ಲಿ ಆ್ಯಂಟಿ-ಫ್ಲಿಕರ್ ಇದ್ದರೆ ಆನ್ ಮಾಡಿ, ಬೆಳಕು ಏರಿದ ಕ್ಷಣ ನೋಡಿಯೇ ಅದು ಕ್ಲಿಕ್ ಮಾಡುತ್ತೆ. ಇಲ್ಲದಿದ್ದರೆ ನಾಲ್ಕೈದು ಒಟ್ಟಿಗೆ ಹೊಡೆದು ಚೆನ್ನಾಗಿರೋದನ್ನ ಉಳಿಸಿಕೊಳ್ಳಿ. ಎಕ್ಸ್‌ಪೋಶರ್ ಮ್ಯಾನುಯಲ್ಲಲ್ಲೇ ಇರಲಿ. ಆಟೋಗೆ ಬಿಟ್ಟರೆ ಕಡು ಗೋಡೆ ನೋಡಿ ಮೋಸಹೋಗಿ ಮುಖವನ್ನ ಸುಣ್ಣ ಹಚ್ಚಿದ ಹಾಗೆ ಮಾಡುತ್ತೆ. ಎದುರಿನ ಕೋರ್ಟಿನವರನ್ನ ತೆಗೆಯುವಾಗ ಫೋಕಸ್ ಹೋಗಿ ನೆಟ್‌ಗೆ ಕಚ್ಚಿಕೊಳ್ಳುತ್ತೆ, ಅದಕ್ಕೇ ನಾನು ಹಿಂದಿನ ಮೂಲೆಯಲ್ಲಿ ನೆಲಕ್ಕೆ ಕೂತು ನೆಟ್ಟಿನ ಈಚೆ ಇರೋರನ್ನೇ ತೆಗೆಯೋದು. ಎದುರಿನವಳ ಸರದಿ ಹೇಗೂ ಬರುತ್ತೆ, ಗೇಮ್ ಮುಗಿದಮೇಲೆ ಈ ಕಡೆಗೇ ಬರ್ತಾಳಲ್ಲ.

ಬರೀ ಮೊಬೈಲ್ ಇರುವವರು ನೈಟ್ ಮೋಡ್ ಆಫ್ ಮಾಡಿ. ಅದು ಹಲವು ಚಿತ್ರ ಸೇರಿಸಿ ಒಂದು ಮಾಡುತ್ತೆ, ಓಡುವವರಿಗೆ ಆಗಿಬರಲ್ಲ. ಪ್ರೊ ಮೋಡ್ ಇದ್ದರೆ ಶಟರ್ 1/500ಕ್ಕೆ ಇಟ್ಟು, ಐಎಸ್‌ಒ ಎಷ್ಟಕ್ಕೆ ಹೋಗುತ್ತೋ ಹೋಗಲಿ ಬಿಡಿ.