ಕೆರಟೋಮೀಟರ್ ಅಂದ್ರೆ ಕೊಂಬು ಅಳೆಯೋ ಮಷೀನಾ?

ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ, ಕಾಂಟ್ಯಾಕ್ಟ್ ಲೆನ್ಸ್ ಕೊಡೋಕೆ ಮುಂಚೆ, ಗದ್ದ ಊರಿಸಿ ಒಂದು ಮಷೀನಿನೊಳಗೆ ನೋಡಿಸ್ತಾರಲ್ಲ, ಅದೇ ಕೆರಟೋಮೀಟರ್. ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಎಷ್ಟು ಬಾಗಿದೆ ಅಂತ ಅಳೆಯುವ ಉಪಕರಣ.

ಹೆಸರನ್ನು ಬಿಡಿಸಿ ನೋಡಿ. ಗ್ರೀಕ್‌ನಲ್ಲಿ ‘ಕೆರಾಸ್’ ಅಂದರೆ ಕೊಂಬು, ‘ಮೆಟ್ರಾನ್’ ಅಂದರೆ ಅಳತೆ. ಕಾರ್ನಿಯಾ ಅನ್ನೋ ಪದವೂ ಕೊಂಬಿಗಿರುವ ಲ್ಯಾಟಿನ್ ಹೆಸರು ‘ಕಾರ್ನು’ವಿನಿಂದ ಬಂದದ್ದು. ಕಣ್ಣಿಗೂ ಕೊಂಬಿಗೂ ಏನು ಸಂಬಂಧ? ಕೊಂಬನ್ನು ತೆಳುವಾಗಿ ಸೀಳಿದರೆ ಬೆಳಕು ಹಾಯುತ್ತೆ. ಯುರೋಪಿನಲ್ಲಿ ಒಂದು ಕಾಲಕ್ಕೆ ಲಾಂದ್ರಗಳಿಗೆ ಗಾಜಿನ ಬದಲು ಕೊಂಬಿನ ಹಾಳೆ ಹಾಕ್ತಿದ್ರು. ಗಟ್ಟಿಯಾಗಿದ್ದೂ ಬೆಳಕು ಬಿಡುವ ಪದರ, ಹೋಲಿಕೆ ಸರಿಯಾಗೇ ಇದೆ. ಮೂರು ಕೊಂಬಿನ ಟ್ರೈಸೆರಾಟಾಪ್ಸ್, ಮೂಗಿನ ಮೇಲೆ ಕೊಂಬಿರುವ ರೈನೋಸೆರಸ್, ನಮ್ಮ ಉಗುರಿನ ಕೆರಟಿನ್, ಈ ಹೆಸರುಗಳೆಲ್ಲ ಒಂದೇ ಮನೆಯ ಮಕ್ಕಳು.

ಈಗ ಯಾರಾದ್ರೂ ಇದಕ್ಕೆ ‘ಕೊಂಬಳಕ’ ಅಂತ ಕನ್ನಡ ಪದ ಕಟ್ಟಿದರೆ ಕ್ಲಾಸ್ ಗ್ರೂಪಲ್ಲಿ ಮೀಮ್ ಗ್ಯಾರಂಟಿ. ಆದರೆ ಕೆರಟೋಮೀಟರ್ ಅಂದರೂ ಅದೇ ತಾನೇ? ಗ್ರೀಕ್ ನಮಗೆ ಅರ್ಥ ಆಗಲ್ಲ, ಅದಕ್ಕೇ ಗಂಭೀರವಾಗಿ ಕೇಳಿಸುತ್ತೆ, ಅಷ್ಟೇ.

ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೂ, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ಪಕ್ಕದ ಬೆಂಚಿನವರಿಗೂ ಈ ಪದ ಒಂದೇ ಥರ ಪರದೇಶಿ. ಆದರೂ ಫಸ್ಟ್ ಸೆಮ್‌ನಲ್ಲಿ ಇಂಥ ಪದಗಳಿಗೆ ಹೆದರಿ ಬಾಯಿ ಮುಚ್ಚಿಕೊಂಡು ಕೂರೋದು ಅವರು. ನನಗೆ ಸಿಗುವ ಧೈರ್ಯ ಬರೀ ಉಚ್ಚಾರಣೆಯದ್ದು, ತಿಳಿವಳಿಕೆಯದ್ದಲ್ಲ. ಇದು ಅನ್ಯಾಯ ಅಂತ ನನ್ನ ಅನಿಸಿಕೆ.

ಹೆಸರು ಬದಲಾಯಿಸಿ ಅಂತ ನಾನು ಹೇಳ್ತಿಲ್ಲ. ಪದದ ಮೂಲ ಗೊತ್ತಾದ ಮಾತ್ರಕ್ಕೆ ಮಷೀನ್ ಅರ್ಥ ಆಗೋದೂ ಇಲ್ಲ. ಕಾರ್ನಿಯಾ ಕಾನ್ವೆಕ್ಸ್ ಕನ್ನಡಿಯ ಹಾಗೆ ಬೆಳಕನ್ನು ಪ್ರತಿಫಲಿಸುತ್ತೆ. ಆ ಪ್ರತಿಬಿಂಬದ ಗಾತ್ರದಿಂದ ತ್ರಿಜ್ಯ ಸಿಗುತ್ತೆ. 337.5 ಅನ್ನು ಮಿಲಿಮೀಟರ್‌ನಲ್ಲಿರುವ ತ್ರಿಜ್ಯದಿಂದ ಭಾಗಿಸಿದರೆ ಪವರ್ ಬಂತು. ತ್ರಿಜ್ಯ 7.8 ಮಿ.ಮೀ. ಇದ್ದರೆ ಸುಮಾರು 43.3 ಡಯಾಪ್ಟರ್. ಇದ್ಯಾವುದನ್ನೂ ಕೊಂಬು ಹೇಳಿಕೊಡಲ್ಲ. ಆದರೆ ಹೆಸರಿನ ಭಯ ಹೋದ್ರೆ ತಲೆ ಈ ಲೆಕ್ಕದ ಕಡೆ ತಿರುಗುತ್ತೆ.

ಪದ ಬಿಡಿಸಿ ಹೇಳೋಕೆ ಅರ್ಧ ನಿಮಿಷ ಸಾಕು. ಲೆಕ್ಚರರ್‌ಗಳು ಹೇಳಲಿ. ಹೇಳದಿದ್ರೆ ನಾವೇ ಕೈ ಎತ್ತಿ ಕೇಳೋಣ, ಕನ್ನಡದಲ್ಲೇ.